ಎಲ್ಲ ತೆರಿಗೆ ಸೇರಿ

ನಮ್ಮೂರ ನೀರಿನ ಮಷಿನ್ನಿನ ಶಟರಿಗೆ ಈಗ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಅದರ ನಡುವೆ ಮಾಸ್ತರ ಫೋಟೋ, ಕೆಳಗೆ ಊರ ಹಿರಿಯರು ಕೈ ಮುಗಿದು ನಿಂತ ಸಣ್ಣ ಸಣ್ಣ ಫೋಟೋ. ‘ಊರಿಗೆ ಬೆಳಕಾದ ಗುರುಗಳಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಅಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ. ನನ್ನ ಹಿಟ್ಟಿನ ಗಿರಣಿ ಅದರ ಎದುರಿಗೇ ಇದೆ. ಮುಂಜಾನೆ ಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಆ ಸಣ್ಣ ಫೋಟೋದವರ ಬಾಯಿಂದ ಮಾಸ್ತರಿಗೆ ಏನೇನು ಮಾತು ಬಂದಿತ್ತು ಅಂತ ನನಗೆ ಗೊತ್ತು. ಶಟರು ತೆಗೆದು ಮಂದಿಗೆ ನೀರು ಕೊಡುವ ಯೋಗ್ಯತೆ ಇಲ್ಲ, ಮುಚ್ಚಿದ ಶಟರಿಗೆ ಫ್ಲೆಕ್ಸ್ ಕಟ್ಟುವುದಕ್ಕೆ ಮಾತ್ರ ನಾ ಮುಂದು ತಾ ಮುಂದು. ಥೂ ಇವರ!

ಅವರ ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಮಾಸ್ತರು ಅಂದರೆ ಅವರೊಬ್ಬರೇ. ತಾಲ್ಲೂಕಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು, ನೌಕರಿ ಪೂರ್ತಿ ಹೀಗೇ ಕಳೆಯಿತು. ನಾನೂ ಅವರ ಕೈಯಲ್ಲಿ ಕಲಿತವನೇ. ಕಲಿತೆ ಅನ್ನುವುದು ದೊಡ್ಡ ಮಾತಾಯಿತು, ಬೆಂಚಿನ ಮೇಲೆ ಕೂತಿದ್ದೆ ಅನ್ನಿ. ಮುಂದೆ ನಮ್ಮ ಅಬ್ಬಾನ ಕಣ್ಣು ಮಂಜಾದವು, ಗಿರಣಿ ನನ್ನ ಕೊರಳಿಗೆ ಬಂತು, ಓದು ಅಲ್ಲಿಗೇ ನಿಂತಿತು. ಮಾಸ್ತರು ಬೈಯಲಿಲ್ಲ. ಗಿರಣಿಗೆ ಬಂದು ಜೋಳದ ಚೀಲದ ಮೇಲೆ ಕೂತು ಹೇಳಿದರು:

"ಲೇ ಸಾಬಾ, ನೀನೂ ದಿನಾ ಬಿಳೇ ಪುಡಿ ತಿಂತಿ, ನಾನೂ ಬಿಳೇ ಪುಡಿ ತಿಂತೀನಿ. ನಿನ್ನ ಪುಡಿ ಮಂದಿ ಹೊಟ್ಟಿಗೆ ಹೋಗ್ತೈತಿ, ನನ್ನ ಖಡು ಪುಡಿ ನನ್ನ ಮೂಗಿಗೇ ಬರ್ತೈತಿ. ಇಷ್ಟ ಫರಕು."

ಖಡು ಅಂದರೆ ನಮ್ಮ ಕಡೆ ಬೋರ್ಡಿನ ಮೇಲೆ ಬರೆಯುವ ಸುಣ್ಣದ ಕಡ್ಡಿ. ಅದು ಯಾವಾಗಲೂ ಅವರ ಅಂಗಿಯ ಕಿಸೆಯಲ್ಲಿ ಇರುತ್ತಿತ್ತು. ನಿವೃತ್ತರಾದ ಮೇಲೂ ಇತ್ತು. ಎಲ್ಲಿ ಮಾತು ಸಿಕ್ಕರೂ, ಗೋಡೆಯೋ ಕಟ್ಟೆಯೋ ನೆಲವೋ, ಎರಡು ಗೆರೆ ಎಳೆದುಬಿಡುವರು. ನನ್ನ ಗಿರಣಿಯ ಗೋಡೆಯ ಮೇಲೂ ಎಳೆದಿದ್ದರು. ಒಂದು ನಿಂತ ಗೆರೆ, ಒಂದು ಮಲಗಿದ ಗೆರೆ, ನಡುವೆ ಇಳಿಜಾರಿನಲ್ಲಿ ಮತ್ತೆರಡು. ನಾನು ವರ್ಷಕ್ಕೊಮ್ಮೆ ಸುಣ್ಣ ಹಚ್ಚುವಾಗಲೂ ಅಷ್ಟು ಜಾಗ ಬಿಟ್ಟೇ ಹಚ್ಚುತ್ತಿದ್ದೆ.

ಆ ಗೆರೆಯ ಪಾಠ ಕೇಳದೆ ಅವರ ಕೈಯಿಂದ ಯಾರೂ ಪಾಸಾದವರಿಲ್ಲ. ಪುಸ್ತಕದಲ್ಲಿ ಅದಕ್ಕೆ ಚಹಾ, ಕಾಫಿ ಅಂತ ಏನೋ ಉದಾಹರಣೆ ಇತ್ತು. ಮಾಸ್ತರು ಅದನ್ನು ಬದಿಗಿಟ್ಟು ನಿಂತ ಗೆರೆಗೆ ಗಿರಮಿಟ್ಟು ಅಂತ ಬರೆದರು, ಮಲಗಿದ ಗೆರೆಗೆ ಮಿರ್ಚಿ ಅಂತ ಬರೆದರು. ಒಂದು ಒಗ್ಗರಣೆ ಚುರುಮುರಿ, ಇನ್ನೊಂದು ಮೆಣಸಿನಕಾಯಿ ಬಜಿ; ಮಧ್ಯಾಹ್ನದ ಹೊತ್ತು, ಎಲ್ಲರ ಬಾಯಲ್ಲೂ ನೀರು.

"ನೀವು ಹೋಟೆಲ್ಲಿಗೆ ಹೊಂಟೀರಿ. ಕಿಸೆಯಾಗ ಇಷ್ಟ ರೊಕ್ಕ ಅಂತ ತಿಳೀರಿ. ಅದರಾಗ ಗಿರಮಿಟ್ಟೂ ತಿನ್ಬೇಕು, ಮಿರ್ಚಿನೂ ತಿನ್ಬೇಕು. ಸರಕಾರಕ್ಕ ನಿಮ್ಮ ಕಡಿಂದ ಒಂದೀಟು ತೆರಿಗಿ ಬೇಕಾಗೈತಿ. ಹೆಂಗ ತಗೋಬೇಕು? ಒಂದು ದಾರಿ, ಮಿರ್ಚಿ ಮ್ಯಾಲ ತೆರಿಗಿ ಹಾಕೂದು. ಮಿರ್ಚಿ ತುಟ್ಟಿ ಆತು. ನೀವೇನು ಮಾಡ್ತೀರಿ?"

"ಗಿರಮಿಟ್ಟು ಹೆಚ್ಚ ತಿಂತೇವ್ರಿ" ಅಂದೆವು.

"ತಿಂತೀರಿ. ಆದ್ರ ಮನಸು ಎಲ್ಲಿರ್ತೈತಿ? ಮಿರ್ಚಿ ಮ್ಯಾಲ. ಎರಡನೇ ದಾರಿ ಕೇಳ್ರಿ. ಹೋಟೆಲ್ ಬಾಗಲದಾಗ ಸರಕಾರ ನಿಂತು ಅಷ್ಟ ರೊಕ್ಕ ನಿಮ್ಮ ಕಿಸೆದಿಂದ ಸೀದಾ ತಗೊಂಡ ಬಿಡ್ತು. ಒಳಗ ಮಿರ್ಚಿ ಮೊದಲಿನ ರೇಟಿಗೇ ಐತಿ. ಈಗ ನಿಮಗ ಮೊದಲನೇ ದಾರಿಯೊಳಗ ತಿಂದಷ್ಟ ಗಿರಮಿಟ್ಟು, ಅಷ್ಟ ಮಿರ್ಚಿ ತಿನ್ನಾಕ ಬರ್ತೈತಿ. ಬ್ಯಾಡಂದ್ರ ಒಂದೀಟು ಗಿರಮಿಟ್ಟು ಬಿಟ್ಟು ಇನ್ನೊಂದು ಮಿರ್ಚಿ ತಗೋಬಹುದು. ಸರಕಾರಕ್ಕ ಬಂದ ರೊಕ್ಕ ಎರಡರಾಗೂ ಒಂದ. ನಿಮ್ಮ ಸುಖ ಮಾತ್ರ ಎರಡನೇದರಾಗ ಹೆಚ್ಚು. ಅದಕ್ಕ ಹೇಳೂದು, ಕಿಸೆಕ್ಕ ಕೈ ಹಾಕ್ರಿ, ಉಣ್ಣೂ ಗಂಗಾಳಕ್ಕ ಹಾಕಬ್ಯಾಡ್ರಿ."

ಹಿಂದಿನ ಬೆಂಚಿನಿಂದ ನಾನೇ ಕೇಳಿದೆ: "ಹಂಗಾದ್ರ ಸರ್, ಎಲ್ಲಾ ಸರಕಾರ ಗಂಗಾಳಕ್ಕ ಯಾಕ ಕೈ ಹಾಕ್ತಾವ್ರಿ?"

ಮಾಸ್ತರು ಖಡು ಕೆಳಗಿಟ್ಟು ನಕ್ಕರು. "ಕಿಸೆಕ್ಕ ಕೈ ಹಾಕಿದ್ರ ಮಂದಿ ಜಗಳಾ ತಗೀತಾರಪಾ. ಮಿರ್ಚಿ ತಿನ್ನೂವಾಗ ಯಾರು ಜಗಳಾ ತಗೀತಾರ?"

ಅವರಿಗೆ ಒಂದು ಚಟ ಇತ್ತು. ಏನೇ ವಸ್ತು ಕೈಗೆ ಬರಲಿ, ಬಿಸ್ಕಿಟ್ಟಿನ ಪುಡಿಕೆ, ಸಾಬೂನು, ಕೆಮ್ಮಿನ ಔಷಧ, ಮೊದಲು ತಿರುವಿ ನೋಡುವುದು. ಕನ್ನಡಕ ಹಣೆಗೆ ಏರಿಸಿ, ಬೆಲೆಯ ಬಾಜು ಇರುವ ಸಣ್ಣಕ್ಷರ ಹುಡುಕಿ, ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವರು: "ಎಲ್ಲ ತೆರಿಗೆ ಸೇರಿ." ಆಮೇಲೇ ಪುಡಿಕೆ ಒಡೆಯುವುದು. ಒಮ್ಮೆ ಇಬ್ಬರೂ ಒಂದು ಮದುವೆಗೆ ಹೋಗಿ ಬರುವಾಗ ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಬಾಜೂಕೆ ಒಬ್ಬ ಹಮಾಲ ಚಹಾದಲ್ಲಿ ಬಿಸ್ಕಿಟ್ ಅದ್ದಿ ತಿನ್ನುತ್ತಿದ್ದ. ಎದುರಿಗೆ ಕಾರು ನಿಲ್ಲಿಸಿಕೊಂಡ ಒಬ್ಬ ಸಾವಕಾರನೂ ಅದೇ ಬಿಸ್ಕಿಟ್ ತಿನ್ನುತ್ತಿದ್ದ.

"ನೋಡಲೇ, ಇಬ್ಬರೂ ಕೊಟ್ಟ ತೆರಿಗಿ ಒಂದ. ಪುಡಿಕಿಗೆ ಕಣ್ಣಿಲ್ಲ. ಯಾರ ಕೈಯಾಗ ಅದೀನಿ ಅಂತ ಅದಕ್ಕ ಗೊತ್ತಾಗೂದಿಲ್ಲ" ಅಂದರು ಮಾಸ್ತರು. ದನಿ ಸ್ವಲ್ಪ ದೊಡ್ಡದಾಗಿತ್ತು.

ಹಮಾಲ ಗಾಬರಿಯಾಗಿ ಬಿಸ್ಕಿಟ್ ನೋಡಿಕೊಂಡ. "ಯಾಕ್ರಿ ಸರ, ಇದರಾಗ ಏನರ ಬಿದ್ದೈತೇನ್ರಿ?"

"ಹೌದಪಾ, ಸರಕಾರ ಬಿದ್ದೈತಿ. ಇರಲಿ, ತಿನ್ನು" ಅಂದರು.

ಆದಾಯ ತೆರಿಗೆ ಅಂದರೆ ಮಾತ್ರ ಅವರಿಗೆ ಒಂಥರಾ ಹಿಗ್ಗು. ನಮ್ಮೂರು ಮೊರಬದ ಆಚೆ, ಅಗದಿ ಎರಿ ಹೊಲದ, ಕಪ್ಪು ಮಣ್ಣಿನ ಊರು. ಕಡಲೆ, ಹತ್ತಿ, ಉಳ್ಳಾಗಡ್ಡಿ ಬೆಳೆದು ಮನೆ ಮುಂದೆ ಎರಡೆರಡು ಟ್ರ್ಯಾಕ್ಟರ್ ನಿಲ್ಲಿಸಿದವರಿದ್ದಾರೆ. ಬೇಸಾಯದ ಗಳಿಕೆಗೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಅವರಿಗೆ ಆ ಮಾತೇ ಇಲ್ಲ. ಸಂಬಳದಲ್ಲಿ ಹಿಡಿಸಿಕೊಳ್ಳುವವರು ಮಾಸ್ತರು ಒಬ್ಬರೇ. ಮಾರ್ಚ್ ತಿಂಗಳು ಬಂತೆಂದರೆ ಕಟ್ಟೆಯ ಮೇಲೆ ಕೂತವರು ಚೇಷ್ಟೆ ಮಾಡುವರು, "ಮಾಸ್ತರ, ಈ ವರ್ಷ ಸರಕಾರಕ್ಕ ಎಷ್ಟು ದಾನಾ ಮಾಡಿದ್ರಿ?" ಅಂತ. "ನಾ ಕೊಟ್ಟದ್ದು ನನಗ ಕಾಣ್ತೈತಿ, ನೀವು ಕೊಟ್ಟದ್ದು ನಿಮಗ ಕಾಣೂದಿಲ್ಲ, ಅಷ್ಟ" ಅನ್ನುವರು ಮಾಸ್ತರು. ಮತ್ತೆ ಎಲ್ಲರಿಗೂ ತಾವೇ ಚಹಾ ಹೇಳುವರು. ಹುಚ್ಚ ಮಾಸ್ತರ ಅಂತ ಊರೆಲ್ಲ ನಗುತ್ತಿತ್ತು, ಚಹಾ ಮಾತ್ರ ಕುಡಿಯುತ್ತಿತ್ತು.

ಅವರ ಮನೆಯಲ್ಲಿ ಅವರಿಗೆ ಎದುರು ಮಾತಾಡುವವಳು ಗಂಗವ್ವ. ಭಾಂಡೆ ತಿಕ್ಕಿ, ಬಟ್ಟೆ ಒಗೆದು, ಕುಡಿಯುವ ನೀರು ತಂದು ಹಾಕುತ್ತಿದ್ದಳು. ಕೆಳಗಿನ ಓಣಿಯವಳು. ಗಂಡ ಇಲ್ಲ, ಮಗ, ಸೊಸೆ ಕೂಲಿಗೆ ಹೋಗುವವರು, ಮೇಲೆ ಮೊಮ್ಮಕ್ಕಳು. "ಮಾಸ್ತರ, ಅಂಗಿ ಕಿಸೆಯಾಗ ಖಡು ಬಿಟ್ಟು ಒಗ್ಯಾಕ ಹಾಕಿದ್ರ ನಾ ಒಗ್ಯಾಕಿ ಅಲ್ಲ ನೋಡ್ರಿ. ಎಲ್ಲಾ ಅರಬಿ ಬೂದಿ ಬಡದಾಂಗ ಆಗ್ತಾವ" ಅಂತ ಬೀದಿಗೆ ಕೇಳುವಂತೆ ಬೈಯುವಳು. ಮಾಸ್ತರ ಹೆಂಡತಿಯನ್ನು ನಾವು ಅವ್ವಾರು ಅನ್ನುತ್ತಿದ್ದೆವು. ಅವರು ಒಳಗೆ ಬಾಯಿಗೆ ಸೆರಗು ಹಿಡಿದು ನಗುವರು. ಮಾಸ್ತರು ಹೆದರುತ್ತಿದ್ದದ್ದು ಗಂಗವ್ವನೊಬ್ಬಳಿಗೇ.

ಇನ್ನು ನೀರಿನ ಸುದ್ದಿ ಹೇಳಬೇಕು. ಹೇಳದೆ ಗತಿಯಿಲ್ಲ.

ನಮ್ಮಲ್ಲಿ ಎಲ್ಲಿ ಬೋರು ಹೊಡೆದರೂ ಸವಳು ನೀರು, ನಾಲಿಗೆಗೆ ಹಚ್ಚಲು ಬರುವುದಿಲ್ಲ. ಹಿಂದಿನಿಂದ ಕುಡಿಯುವುದು ಕೆರೆಯ ನೀರು. ಕಾಲುವೆ ಬಿಟ್ಟಾಗ ತುಂಬಿಕೊಳ್ಳುವ ಕೆರೆ, ಹೊಸ ನೀರು ಬಂದಾಗ ಅಗದಿ ರಾಡಿ. ಕೆಲವು ವರ್ಷದ ಹಿಂದೆ ಸರಕಾರದವರು ಗಿರಣಿಯ ಎದುರು ನೀರು ಶುದ್ಧ ಮಾಡುವ ಮಷಿನ್ ಕೂಡಿಸಿದರು. ಎರಡರ ನಾಣ್ಯ ಹಾಕಿದರೆ ಒಂದು ಕ್ಯಾನ್ ತುಂಬುತ್ತಿತ್ತು. ಎಲ್ಲ ಓಣಿಯವರೂ ಸಾಲುಗಟ್ಟುವರು. ಕೆರೆಯ ಹಾದಿಯಲ್ಲಿ ಹುಲ್ಲು ಬೆಳೆಯಿತು. ಕೂಸುಗಳಿಗೆ ಹೊಟ್ಟೆನೋವು ಕಡಿಮೆ ಆಯಿತು ಅಂತ ಬಾಣಂತಿಯರು ಗಿರಣಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆಮೇಲೆ ಮಷಿನ್ ಕೆಟ್ಟಿತು. ಬರುತ್ತೇವೆ ಬರುತ್ತೇವೆ ಅಂದ ಗುತ್ತಿಗೆದಾರ ಬರಲಿಲ್ಲ. ಊರೇ ಅದನ್ನು ವಹಿಸಿಕೊಂಡು ನಡೆಸಬೇಕು, ವರ್ಷಾವರ್ಷ ಅದರ ಖರ್ಚು ಊರೇ ಎತ್ತಬೇಕು ಅಂತ ಆಯಿತು. ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿದರು.

ಖರ್ಚು ಎತ್ತುವುದಕ್ಕೆ ನಮ್ಮಲ್ಲಿ ಹಳೇ ಪದ್ಧತಿ ಒಂದಿದೆ, ವರ್ಗಣಿ. ಊರಿಗೆ ಏನೇ ಕೆಲಸ ಬಂದರೂ ಹೊಲ ಇದ್ದವರು ಕೂರಿಗೆ ಲೆಕ್ಕದಲ್ಲಿ ಕೊಡುವುದು. ಒಂದು ಕೂರಿಗೆ ಅಂದರೆ ಹೆಚ್ಚುಕಡಿಮೆ ನಾಲ್ಕು ಎಕರೆ. ಹೊಲ ಇಲ್ಲದವರು ಒಂದಾಳಿನ ಕೆಲಸ ಕೊಡುವುದು, ಅದೂ ಆಗದವರು ಕೈ ಮುಗಿದು ಹೋಗುವುದು. ಮಾಸ್ತರು ಎದ್ದು ನಿಂತರು. ಅವರು ಅಷ್ಟು ಖುಷಿಯಾಗಿ ಎದ್ದು ನಿಂತದ್ದು ನಾನು ಮತ್ತೆ ನೋಡಲಿಲ್ಲ.

"ಇದು ನಮ್ಮ ಊರಿನ ಆದಾಯ ತೆರಿಗಿ ಇದ್ದಾಂಗ. ನಮ್ಮ ಹಿರ್ಯಾರು ಯಾವ ಪುಸ್ತಕಾ ಓದಲಾರದ ಕಂಡುಹಿಡದಾರ. ನೀರಿನ ಖರ್ಚೂ ವರ್ಗಣಿಲೇ ಎತ್ತೂಣು. ನಾಣ್ಯದ ರೇಟು ಏರಿಸೂದು ಬ್ಯಾಡ" ಅಂದರು. ಕಿಸೆಯಿಂದ ಖಡು ತೆಗೆದು ಕಟ್ಟೆಯ ಕಲ್ಲಿನ ಮೇಲೆ ಎರಡು ಗೆರೆ ಎಳೆದೂ ಬಿಟ್ಟರು.

ಊರಿನ ದೊಡ್ಡ ಹೊಲದ ಧಣಿ ಒಬ್ಬರು ಅಡಿಕೆ ಅಗಿಯುತ್ತ ಕೂತಿದ್ದರು. "ಮಾಸ್ತರ, ನಮ್ಮ ಮನ್ಯಾಗ ನಮ್ಮ ಫಿಲ್ಟರ್ ಐತ್ರಿ. ಆ ಮಷಿನ್ ನೀರು ನಾವು ಮೂಸಿ ಸೈತ ನೋಡಿಲ್ಲ. ನಮಗ್ಯಾಕ ಕೂರಿಗಿ ಲೆಕ್ಕ? ಕುಡ್ಯಾವ್ರು ಕೊಡಲಿ" ಅಂದರು.

"ಖರೇನ ಅದ" ಅಂತ ನಾಲ್ಕಾರು ದನಿ ಎದ್ದವು. ಅರ್ಧ ಕೂರಿಗೆಯಷ್ಟೂ ಹೊಲ ಇಲ್ಲದವರ ದನಿಯೂ ಅದರಲ್ಲಿ ಇತ್ತು, ಅದೇ ನೋಡಿ ಮಜಾ.

ಮಾಸ್ತರು ಬಿಡಲಿಲ್ಲ. "ಮಿರ್ಚಿ ತುಟ್ಟಿ ಆದ್ರ..." ಅಂತ ಶುರು ಮಾಡಿದರು.

"ಮಿರ್ಚಿ ಬಿಟ್ಟಾರ‍್ರಿ ಮಾಸ್ತರ, ನೀರು ಬಿಡತಾರ? ಕುಡ್ಯೂ ನೀರು ಬಿಟ್ಟು ಯಾರರ ಬದುಕ್ಯಾರನು? ನಾಣ್ಯ ಏರಸ್ರಿ, ಕುಡ್ಯಾವ್ರು ಅಷ್ಟ ಕುಡೀತಾರ" ಅಂದರು ಧಣಿ.

ಸಭೆ ನಕ್ಕಿತು. ಮಾಸ್ತರು ಮಾತ್ರ ನಗಲಿಲ್ಲ, ವಿಚಾರ ಮಾಡುತ್ತ ನಿಂತರು. ಬೇಕೇ ಬೇಕಾದ ವಸ್ತು ತುಟ್ಟಿಯಾದರೂ ಮಂದಿ ಕೊಳ್ಳುವುದು ಬಿಡುವುದಿಲ್ಲ, ಉಪ್ಪು ಇದ್ದಂತೆ, ಔಷಧ ಇದ್ದಂತೆ ಅಂತ ಅವರದೇ ಇನ್ನೊಂದು ಪಾಠ ಇತ್ತು. ಅದು ಅವರ ತಲೆಗೆ ಬಂತು ಅಂತ ಕಾಣುತ್ತದೆ. "ಅದೂ ಖರೇ. ನೀರಿಗೆ ಬದಲಿ ಇಲ್ಲ" ಅಂದರು ಮೆಲ್ಲಗೆ.

"ಹಂಗಾದ್ರ ಲೆಕ್ಕ ನೀವ ಹಾಕಿ ಹೇಳ್ರಿ. ನಮ್ಮೂರಾಗ ಲೆಕ್ಕ ತಿಳದಾವ್ರು ನೀವ ಅದೀರಿ" ಅಂದರು ಧಣಿ. ಅಷ್ಟು ಮರ್ಯಾದೆ ಕೊಟ್ಟು ಊರು ಅವರನ್ನು ಮೊದಲ ಸಲ ಕೇಳಿತ್ತು. ಕೆಲಸ ನಿಲ್ಲಬಾರದು ಅನ್ನುವ ಆಸೆಯೂ ಇತ್ತು. ಮಾಸ್ತರು ಕಣ್ಣು ಮುಚ್ಚಿ, ಊರಲ್ಲಿ ದಿನಾ ಹೋಗುವ ಕ್ಯಾನು ಇಷ್ಟು, ಖರ್ಚು ಇಷ್ಟು ಅಂತ ಭಾಗಿಸಿ, ಎರಡರ ಬದಲು ಐದರ ನಾಣ್ಯ ಇಡಿರಿ, ಬರೋಬ್ಬರಿ ಆಗುತ್ತದೆ ಅಂದರು.

ಅಯ್ಯೋ ಮಾಸ್ತರ! ಮಿರ್ಚಿ ತುಟ್ಟಿಯಾದರೆ ಮಂದಿ ಗಿರಮಿಟ್ಟಿಗೆ ಹೋಗುತ್ತಾರೆ ಅಂತ ನೌಕರಿ ಪೂರ್ತಿ ಹೇಳಿದ ಮನುಷ್ಯ, ಮಷಿನ್ ನೀರು ತುಟ್ಟಿಯಾದರೆ ಮಂದಿ ಕೆರೆಗೆ ಹೋಗುತ್ತಾರೆ ಅನ್ನುವುದನ್ನು ಮರೆತರು. ಕೆರೆ ಊರ ಹಿಂದೆಯೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಆದರೆ ಅವರ ಮನೆಯಲ್ಲಿ ಅದರ ನೀರು ಕುಡಿಯುವುದು ಬಿಟ್ಟು ವರ್ಷಗಟ್ಟಲೆ ಆಗಿತ್ತು. ಅವರ ಪಾಲಿಗೆ ಆ ಕೆರೆ ದನ ಮೈತೊಳೆಯುವ ಜಾಗ ಆಗಿಹೋಗಿತ್ತು.

ಶುರುವಿನಲ್ಲಿ ಎಲ್ಲ ಸರಿ ಅನ್ನಿಸಿತು. ಮಷಿನ್ ರಿಪೇರಿ ಆಯಿತು, ಮಾಸ್ತರಿಗೆ ಶಾಲು ಹೊದಿಸಿದರು. ಬರಬರುತ್ತ ಸಾಲು ಸಣ್ಣದಾಯಿತು. ಪೆಟ್ಟಿಗೆಯಲ್ಲಿ ರೊಕ್ಕ ಲೆಕ್ಕದಷ್ಟು ಬೀಳಲಿಲ್ಲ. ಮಷಿನ್ ನೋಡಿಕೊಳ್ಳಲು ಊರು ಮಾಡಿದ್ದ ಸಮಿತಿಯವರು ಮಾಸ್ತರ ಮನೆಗೆ ಬಂದರು, ರೇಟು ಇನ್ನೊಂದೀಟು ಏರಿಸೋಣ ಅಂದರು, ಹತ್ತಕ್ಕೆ ಏರಿತು. ಸಾಲು ಮತ್ತಷ್ಟು ಸಣ್ಣದಾಯಿತು. ಮಾಸ್ತರು ಗಿರಣಿಗೆ ಬಂದು ಚೀಲದ ಮೇಲೆ ಕೂತು ಮಷಿನ್ ಕಡೆಗೆ ನೋಡುತ್ತ, "ಇದೇನಲೇ, ಮಂದಿ ಊರು ಬಿಟ್ಟಾರೋ ಏನು? ಲೆಕ್ಕ ಎಲ್ಲಿ ತಪ್ತು?" ಅನ್ನುವರು.

ಒಂದು ದಿನ ಮುಂಜಾನೆಯೂ ಹಾಗೇ ಕೂತಿದ್ದರು. ಅವರ ಜೋಳ ಬೀಸಿ ಮುಗಿಯುವುದರಲ್ಲಿತ್ತು. ಗಂಗವ್ವ ನೀಲಿ ಕ್ಯಾನ್ ತಂದು ಎದುರಿಗೆ ನೀರು ತುಂಬಿಸಿಕೊಂಡಳು, ಸೊಂಟಕ್ಕಿಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. ಈ ಸಲ ಕೈಯಲ್ಲಿ ಕ್ಯಾನ್ ಇರಲಿಲ್ಲ, ತಲೆಯ ಮೇಲೆ ಸಿಂಬೆ, ಅದರ ಮೇಲೆ ತಾಮ್ರದ ಕೊಡ. ಮಷಿನ್ ದಾಟಿ ಮುಂದೆ ನಡೆದಳು.

"ಎಲ್ಲಿಗೆ ಗಂಗವ್ವಾ?" ಅಂತ ಮಾಸ್ತರು ಕೂಗಿದರು.

"ನೀರಿಗ್ರಿ."

"ಈಗರ ತುಂಬಿದೆಲ್ಲ?"

"ಅದು ನಿಮ್ಮ ಮನೀದ್ರಿ. ನಮ್ಮನಿಗೆ ಕೆರಿಗೆ ಹೊಂಟೀನ್ರಿ."

ಮಾಸ್ತರು ಎದ್ದು ಬಾಗಿಲಿಗೆ ಬಂದರು. "ಕೆರಿ ನೀರು ಕುಡೀತೀರಿ? ಯಾವಾಗಿಂದ?"

"ನೀವು ರೇಟು ಏರಿಸಿದಾಗಿಂದ್ರಿ. ನಮ್ಮ ಓಣಿ ಎಲ್ಲಾ ಅಲ್ಲೇ ಹೋಗ್ತೈತ್ರಿ. ಮನಿ ತುಂಬ ಮಂದಿ, ದಿನಾ ಎಷ್ಟಂತ ನಾಣ್ಯ ಹಾಕೂದ್ರಿ? ಅರಬಿ ಹಚ್ಚಿ ಸೋಸಿ ಕುಡೀತೇವ್ರಿ. ಮೊದಲ ಅದನ್ನ ಕುಡದ ದೊಡ್ಡಾರಾಗೇವಲ್ರಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ನಗುತ್ತಲೇ ಹೇಳಿ, ಕೊಡ ಸರಿಮಾಡಿಕೊಂಡು ಹೋದಳು. ಮಾಸ್ತರು ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತರು. ನಾನು ಗಿರಣಿ ಬಂದ್ ಮಾಡಿ, "ಸರ್, ಕುಂಡ್ರಿ" ಅಂದೆ. ಕೇಳಿಸಿತೋ ಇಲ್ಲವೋ. "ಗಿರಮಿಟ್ಟು" ಅಂದರು ತಮ್ಮಷ್ಟಕ್ಕೆ. ಮತ್ತೊಮ್ಮೆ "ಗಿರಮಿಟ್ಟು" ಅಂದರು. ಹಿಟ್ಟಿನ ಚೀಲ ಅಲ್ಲೇ ಬಿಟ್ಟು ಮನೆಗೆ ನಡೆದರು. ಆಮೇಲೆ ನಾನೇ ಒಯ್ದು ಕೊಟ್ಟೆ.

ಅವತ್ತಿನಿಂದ ಅವರು ಒಬ್ಬೊಬ್ಬ ಹಿರಿಯನ ಮನೆಗೂ ಅಲೆದರು. ಲೆಕ್ಕ ತಪ್ಪಿದೆ, ರೇಟು ಇಳಿಸಿ ವರ್ಗಣಿ ಎತ್ತಿರಿ, ನನ್ನ ಪಿಂಚಣಿಯಿಂದ ಮೊದಲು ನಾನು ಕೊಡುತ್ತೇನೆ ಅಂತ ಬೇಡಿಕೊಂಡರು. ಮತ್ತೆ ಸಭೆ ಕೂಡಿಸಿದರು. ಈ ಸಲ ಖಡು ತೆಗೆಯಲಿಲ್ಲ, ಕೈ ಮುಗಿದರು. ಧಣಿ ಅಡಿಕೆ ಉಗುಳಿ ಒಂದೇ ಮಾತು ಅಂದರು:

"ಲೆಕ್ಕ ನೀವ ಹಾಕಿದ್ದಲ್ರಿ ಮಾಸ್ತರ?"

ಸಭೆ ಅಷ್ಟಕ್ಕೇ ಮುಗಿಯಿತು. ನನ್ನ ಮೈ ಉರಿದುಹೋಯಿತು. "ಅವರು ಮೊದಲ ಏನ್ ಹೇಳಿದ್ರು ಅನ್ನೂದು ನೆನಪೈತೇನ್ರಿ ನಿಮಗ?" ಅಂತ ನಾನು ಕೂಗಿದೆ. "ಏ ಸಾಬಾ, ನೀ ಹಿಟ್ಟು ಬೀಸು" ಅಂದ ಯಾರೋ. ಮಾಸ್ತರು ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದರು.

ಗಂಗವ್ವನ ಮನೆಗಾದರೂ ಮಷಿನ್ ನೀರು ಹೋಗಲಿ ಅಂತ ನೋಡಿದರು. ನೀಲಿ ಕ್ಯಾನ್ ಇನ್ನೊಂದು ತಂದಿಟ್ಟು, "ಇದು ನಿನ್ನ ಮನಿಗೆ. ನಾಣ್ಯ ನಾ ಕೊಡ್ತೀನಿ" ಅಂದರು. ಗಂಗವ್ವ ಒಪ್ಪಲಿಲ್ಲ. "ಓಣಿ ಮಂದಿ ಎಲ್ಲಾ ಕೆರಿಗೆ ಹೋಗೂವಾಗ ನಾ ಒಬ್ಬಾಕಿ ಕ್ಯಾನ್ ಹೊತ್ಕೊಂಡು ಹೆಂಗ ಹೋಗ್ಲಿ ಮಾಸ್ತರ? ಬಾಜೂ ಮನಿ ಕೂಸು ನೀರು ಕೇಳಿದ್ರ ಇಲ್ಲ ಅನ್ಲ್ಯಾ?" ಅಂದಳಂತೆ. ಅವ್ವಾರು ಬೈದು ನೋಡಿದರು, ಅತ್ತು ನೋಡಿದರು. ಕ್ಯಾನ್ ಮಾಸ್ತರ ಪಡಸಾಲೆಯಲ್ಲೇ ಉಳಿಯಿತು.

ಮಳೆ ಶುರುವಾಯಿತು, ಕೆರೆಗೆ ಹೊಸ ನೀರು ಬಂತು. ಕೆಳಗಿನ ಓಣಿಯಲ್ಲಿ ವಾಂತಿ-ಭೇದಿ ಎದ್ದಿತು. ಮೊಮ್ಮಕ್ಕಳಿಗೆ ಹತ್ತಿದ್ದು ಇಳಿಯಿತು. ಅವರ ಸೇವೆ ಮಾಡಿದ ಗಂಗವ್ವನಿಗೆ ಹತ್ತಿದ್ದು ಇಳಿಯಲಿಲ್ಲ. ಹುಬ್ಬಳ್ಳಿಗೆ ಒಯ್ಯುವ ಗಾಡಿಯಲ್ಲೇ ಹೋಗಿಬಿಟ್ಟಳು. ನೀರಿನಿಂದ ಆದದ್ದು ಅಂದರು ಡಾಕ್ಟರು. ಮರುದಿನ ಊರಿಗೆ ಸಾಹೇಬರು ಬಂದರು, ಟ್ಯಾಂಕರ್ ಬಂತು, ಬಿಳೇ ಪುಡಿ ಚೆಲ್ಲಿದರು. ಒಂದಿಷ್ಟು ದಿನ ಮಷಿನ್ ನೀರು ಪುಕ್ಕಟೆ ಬಿಟ್ಟರು. ಆಮೇಲೆ ಟ್ಯಾಂಕರ್ ಹೋಯಿತು, ಮಷಿನ್ ಮತ್ತೆ ಕೆಟ್ಟಿತು, ಶಟರ್ ಎಳೆದರು. ಅದು ಇವತ್ತಿಗೂ ತೆರೆದಿಲ್ಲ. ಕೆಳಗಿನ ಓಣಿ ಇವತ್ತಿಗೂ ಕೆರೆಗೇ ಹೋಗುತ್ತದೆ.

ದಿನಕರ್ಮ ಮುಗಿದ ಮೇಲೆ ಮಾಸ್ತರು ಗಂಗವ್ವನ ಮನೆಗೆ ಹೋದರು, ನಾನೂ ಜೊತೆಗೆ ಹೋದೆ. ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಒಂದು ತಂಬಿಗೆ ನೀರು ಕೊಡಬೇಕು, ಆಮೇಲೆ ಮಾತು. ಸೊಸೆ ತಂಬಿಗೆ ತಂದು ಮಾಸ್ತರ ಮುಂದೆ ಇಟ್ಟಳು. ಇಟ್ಟ ಮೇಲೆ ಅವಳಿಗೆ ಏನು ನೆನಪಾಯಿತೋ, "ಬ್ಯಾಡ್ರಿ ಸರ, ನೀವು ಕುಡೀಬ್ಯಾಡ್ರಿ" ಅಂತ ಹಿಂದಕ್ಕೆ ತೆಗೆದುಕೊಳ್ಳಲು ಬಂದಳು. ಮಾಸ್ತರು ತಂಬಿಗೆ ಬಿಡಲಿಲ್ಲ. ಎತ್ತಿ ಗಟಗಟ ಪೂರಾ ಕುಡಿದರು. ಮಾತಾಡಲು ಹೋದವರು ಹಾಗೇ ಎದ್ದು ಬಂದರು.

ಮರುದಿನ ಗಿರಣಿಗೆ ಬಂದರು. ಕೈಯಲ್ಲಿ ಹಸಿ ಅರಿವೆ ಇತ್ತು. ನಾನು ಏನು ಎತ್ತ ಅನ್ನುವುದರೊಳಗೆ ಗೋಡೆಯ ಮೇಲಿನ ಗೆರೆಗಳನ್ನು ಒರೆಸತೊಡಗಿದರು. ವರ್ಷಾನುವರ್ಷದ ಹಿಟ್ಟು ಕೂತು ಗಟ್ಟಿಯಾಗಿದ್ದ ಗೆರೆ, ಬೇಗ ಹೋಗಲಿಲ್ಲ. ತಿಕ್ಕಿ ತಿಕ್ಕಿ ಅಂಗಿಯೆಲ್ಲ ಒದ್ದೆ ಆಯಿತು.

"ಇರಲಿ ಬಿಡ್ರಿ ಸರ್. ಗೆರಿ ಏನ್ ತಪ್ಪು ಮಾಡ್ಯಾವ?" ಅಂದೆ.

"ಗೆರಿ ಬರೋಬ್ಬರಿ ಅದಾವಪಾ. ಎಳದಾವಂಗ ಬುದ್ಧಿ ಇರಲಿಲ್ಲ" ಅಂದರು. ಕಿಸೆಯಲ್ಲಿದ್ದ ಖಡು ತೆಗೆದು ಹೊರಗೆ ಚರಂಡಿಗೆ ಎಸೆದರು. ಆಮೇಲೆ ಅವರ ಅಂಗಿ ಒಗೆಯಲು ಯಾರಿಗೂ ತ್ರಾಸು ಆಗಲಿಲ್ಲ.

ಅದಾದ ಮೇಲೆ ಅವರು ಪುಡಿಕೆ ತಿರುವಿ ಓದುವುದನ್ನು ಬಿಟ್ಟರು. ಅದರ ಬದಲು ಇನ್ನೊಂದು ಹತ್ತಿಕೊಂಡಿತು. ಯಾರ ಮನೆಯಲ್ಲಿ ಏನು ಕುಡಿಯಲು ಕೊಟ್ಟರೂ, ಚಹಾ ಕೊಟ್ಟರೂ, ಕೈಯಲ್ಲಿ ಹಿಡಿದು, "ಯಾವ ನೀರು?" ಅಂತ ಕೇಳುವರು. ಮಂದಿ ಅದಕ್ಕೂ ನಕ್ಕರು. ಮಾಸ್ತರಿಗೆ ಜೀವದ ಆಸೆ ಬಹಳ ಅಂದರು. ಆ ತಿಳಿಗೇಡಿಗಳಿಗೆ ಏನು ಹೇಳೋಣ? ಕೆರೆಯ ನೀರು ಅಂದರೆ ಅವರು ಸುಮ್ಮನೆ ಕುಡಿಯುತ್ತಿದ್ದರು. ಬಾಟ್ಲಿ ನೀರು, ಫಿಲ್ಟರ್ ನೀರು ಅಂದರೆ ಕೆಳಗಿಡುತ್ತಿದ್ದರು.

ಊಟ ಕಡಿಮೆ ಆಯಿತು, ಮಾತು ಅದಕ್ಕಿಂತ ಕಡಿಮೆ ಆಯಿತು. ಒಂದು ದಿನ ಬಚ್ಚಲಲ್ಲಿ ಬಿದ್ದರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಹಾಕಿದೆವು. ಮಗಳು ಅಳಿಯ ಓಡಿ ಬಂದರು, ಮಾಡುವುದನ್ನೆಲ್ಲ ಮಾಡಿದರು. ಡಾಕ್ಟರು, ಇನ್ನು ಮನೆಯವರು ಹತ್ತಿರ ಇರಿ ಅಂತ ಹೇಳಿದ ಹೊತ್ತಿಗೆ ಮಧ್ಯಾಹ್ನ. ಮಗಳು ಅಪ್ಪನ ಕಾಲ ಹತ್ತಿರ ನಿಂತು ಅಳುತ್ತಿದ್ದಳು. ಅವ್ವಾರು ನನ್ನ ಕಡೆ ನೋಡಿದರು.

"ಬಾಯಾಗ ಒಂದೀಟು ನೀರು ಬಿಡಪಾ."

"ನಾನ್ರೀ ಅವ್ವಾರ?"

"ನೀನ. ದಿನಾ ನಿನ್ನ ಗಿರಣ್ಯಾಗ ಕುಂಡ್ರತಿದ್ರು. ನೀನ ಬಿಡು."

ನನ್ನ ಕೈಯಲ್ಲಿ ಕೆಳಗಿನ ಅಂಗಡಿಯಿಂದ ತಂದ ನೀರಿನ ಬಾಟ್ಲಿ ಇತ್ತು. ಬೇರೆ ನೀರು ಅಲ್ಲಿ ಇರಲಿಲ್ಲ. ಮುಚ್ಚಳ ತೆಗೆಯಲು ಹೋದವನಿಗೆ ಏನಾಯಿತೋ, ಬಾಟ್ಲಿ ತಿರುವಿದೆ. ಬೆಲೆಯ ಬಾಜು ಸಣ್ಣಕ್ಷರ ಇತ್ತು. ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ, ಕಾಣುವುದೂ ಬೇಕಿರಲಿಲ್ಲ.

ಯಾವ ನೀರು ಅಂತ ಅವರು ಈ ಸಲ ಕೇಳಲಿಲ್ಲ. ಆದರೂ ಹೇಳದೆ ಬಾಯಿಗೆ ಬಿಡುವ ಧೈರ್ಯ ನನಗೆ ಬರಲಿಲ್ಲ. ಕಿವಿಯ ಹತ್ತಿರ ಬಾಗಿ, "ಬಾಟ್ಲಿ ನೀರು ಸರ್. ಎಲ್ಲ ತೆರಿಗೆ ಸೇರಿ" ಅಂದೆ. ಮುಚ್ಚಳದಲ್ಲಿ ಸುರುವಿಕೊಂಡು ತುಟಿಗೆ ಹಿಡಿದೆ. ಒಂದು ಹನಿಯೂ ಒಳಗೆ ಹೋಗಲಿಲ್ಲ. ಅಷ್ಟೂ ಬಾಯಿಯ ಬಾಜಿನಿಂದ ಹೊರಗೆ ಇಳಿದು ದಿಂಬು ತೋಯಿತು.